ಒಂದೇ ಔಷಧಿ, ಒಂದು ತೋಟದಲ್ಲಿ ಮಾತ್ರ ಹೂವು ಯಾಕೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲೂಕು. ಎರಡು ಕಡೆ ಬಾದಾಮಿ ಮಾವಿನ ತೋಟ ಇದೆ. ಮೇಲಿನ ತೋಟ ಮರಳು ಮಿಶ್ರಿತ ಕೆಂಪು ಮಣ್ಣು. ಕೆಳಗಿನದಕ್ಕೆ ಕೆರೆ ಗೋಡು (ಹೂಳು ಮಣ್ಣು) ಹೊಡೆಸಿದ್ದೇವೆ, ಕೊಟ್ಟಿಗೆ ಗೊಬ್ಬರವೂ ಜಾಸ್ತಿ. ಕಳೆದ ಆಗಸ್ಟ್‌ನಲ್ಲಿ ಎರಡಕ್ಕೂ ಒಂದೇ ಅಳತೆಯಲ್ಲಿ ಹೂವು ಬರಿಸುವ ಔಷಧಿ ಪ್ಯಾಕ್ಲೋಬ್ಯುಟ್ರಜಾಲ್ ಹಾಕಿದೆವು. ಮೇಲೆ ಹೂವು ಚೆನ್ನಾಗಿ ಬಂತು, ಕೆಳಗೆ ಬರೀ ಚಿಗುರು. ಔಷಧಿ ನಕಲಿಯಾ? ಈ ಸಲ ಕೆಳಗಡೆ ಎರಡು ಪಟ್ಟು ಹಾಕಬಹುದಾ?

ಉತ್ತರ: ಎರಡು ಪಟ್ಟು ಖಂಡಿತ ಬೇಡ. ಅದೇ ಔಷಧಿ ಮೇಲಿನ ತೋಟದಲ್ಲಿ ಕೆಲಸ ಮಾಡಿದೆ ಅಲ್ವಾ, ಹಾಗಾಗಿ ನಕಲಿ ಅನ್ನೋ ಅನುಮಾನವೂ ಬೇಡ. ವ್ಯತ್ಯಾಸ ಇರುವುದು ಮಣ್ಣಿನಲ್ಲಿ.

ಈ ಔಷಧಿ ಮರದೊಳಗೆ ಜಿಬ್ಬರೆಲಿನ್ ಅನ್ನೋ, ಚಿಗುರು ಬೆಳೆಸುವ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ಆಗ ಚಿಗುರಿನ ಓಟ ನಿಂತು ಮರ ಹೂವಿಗೆ ತಿರುಗುತ್ತದೆ. ಆದರೆ ಅದು ಬೇರಿಗೆ ಸಿಕ್ಕಿ, ನೀರಿನ ಜೊತೆ ಮೇಲಕ್ಕೆ ಹೋದರೆ ತಾನೇ? ಮರಳು ಮಣ್ಣು ಅದನ್ನು ಹೆಚ್ಚು ಹಿಡಿದುಕೊಳ್ಳುವುದಿಲ್ಲ, ಬೇರಿಗೆ ಬೇಗ ಸಿಗುತ್ತದೆ. ಗೋಡಿನ ಜೇಡಿ ಕಣ ಮತ್ತು ಕೊಳೆತ ಗೊಬ್ಬರ ಹಾಗಲ್ಲ, ಔಷಧಿಯನ್ನು ಅಂಟಿಸಿಕೊಂಡು ಬಿಡುತ್ತವೆ, ನೀವು ಸುರಿದದ್ದರಲ್ಲಿ ಬೇರಿಗೆ ಮುಟ್ಟುವುದು ಸ್ವಲ್ಪವೇ. ಜೊತೆಗೆ ಅಲ್ಲಿ ತೇವವೂ ಸಾರಜನಕವೂ ಜಾಸ್ತಿ, ಮರ ಚಿಗುರುತ್ತಲೇ ಇರುತ್ತದೆ.

ಅಂಟಿಕೊಂಡದ್ದು ಸುಮ್ನೆ ಮಾಯವಾಗುವುದಿಲ್ಲ. ತಿಂಗಳುಗಟ್ಟಲೆ, ಕೆಲವು ಕಡೆ ವರ್ಷ ದಾಟಿಯೂ ಮಣ್ಣಿನಲ್ಲಿ ಉಳಿದು ನಿಧಾನಕ್ಕೆ ಬಿಡುತ್ತದೆ. ಅದರ ಮೇಲೆ ಎರಡು ಪಟ್ಟು ಸುರಿದರೆ ಚಿಗುರು ಗಿಡ್ಡವಾಗಿ, ಹೂಗೊಂಚಲು ಮುದ್ದೆಗಟ್ಟಿ, ಮರವೇ ಸೊರಗಬಹುದು.

ಈ ಸಲ ಅಳತೆಗಿಂತ ಹಾಕುವ ರೀತಿ ಬದಲಿಸಿ. ಬುಡದ ಸುತ್ತಲಿನ ಗೊಬ್ಬರ, ತರಗೆಲೆ ಎಲ್ಲ ಪಕ್ಕಕ್ಕೆ ಸರಿಸಿ, ಸಣ್ಣ ಬೇರುಗಳಿರುವ ಜಾಗದಲ್ಲಿ ಆಳವಿಲ್ಲದ ಗುಳಿ ತೆಗೆದು ನೇರ ಮಣ್ಣಿಗೇ ಹಾಕಿ. ಅಲ್ಲಿ ಹದವಾದ ತೇವ ಇರಬೇಕು, ನೀರು ನಿಂತಿರಬಾರದು. ಆ ವರ್ಷದ ಗೊಬ್ಬರವನ್ನು ಕೊಯ್ಲು ಮುಗಿದ ಕೂಡಲೇ ಕೊಟ್ಟುಬಿಡಿ, ಔಷಧಿಯ ಹೊತ್ತಿಗೆ ಯೂರಿಯಾ ಬೇಡವೇ ಬೇಡ. ಸಾಮಾನ್ಯವಾಗಿ ಕೊಂಬೆ ಹರವಿನ ಅಡ್ಡಳತೆಯ ಪ್ರತಿ ಮೀಟರಿಗೆ 3ರಿಂದ 4 ಮಿ.ಲೀ. ಲೆಕ್ಕ, ಡಬ್ಬಿಯ ಮೇಲಿನ ಪ್ರಮಾಣವನ್ನೂ ನೋಡಿಕೊಳ್ಳಿ. ಎಳೆಯ ಮರ, ಸೊರಗಿದ ಮರಗಳಿಗೆ ಹಾಕಲೇಬೇಡಿ.

ಮೇಲಿನ ತೋಟದ ಕಡೆಯೂ ಗಮನ ಇರಲಿ. ಜೋರು ಮಳೆ ಬರುವ ಸೂಚನೆ ಇದ್ದರೆ ಅಂದು ಹಾಕಬೇಡಿ, ಮರಳಿನಲ್ಲಿ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ. ಹೊಸ ಚಿಗುರು ಗಿಡ್ಡವಾಗಿ ಕಂಡರೆ ಅಲ್ಲಿ ಈ ವರ್ಷ ಕಡಿಮೆ ಮಾಡಿ, ಇಲ್ಲವೇ ಬಿಟ್ಟೇಬಿಡಿ.