ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಊದಿದೆ, ನಿದ್ದೆ ಇಲ್ಲ. ಬಿಟ್ಟುಬಿಡಲಾ?

ಲೂಪಸ್‌ಗೆ (ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ) ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರುವಾಗಿ ಎರಡು ತಿಂಗಳು ಅಂತ ಬರೆದಿದ್ದೀರಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಕೆ ಕಡಿಮೆ ಮಾಡಿಬಿಡುತ್ತವೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡೋಸ್ ಇಳಿಸುವುದು ಡಾಕ್ಟರ ಕೆಲಸ, ಅದೂ ಸ್ವಲ್ಪ ಸ್ವಲ್ಪವಾಗಿ.

ನನಗೂ ಸಂಧಿವಾತಕ್ಕೆ ಇದೇ ಮಾತ್ರೆ. ಮೊದಲು ರಾತ್ರಿ ಊಟದ ಮೇಲೆ ನುಂಗುತ್ತಿದ್ದೆ. ಮೂರು ಗಂಟೆಗೆ ಎಚ್ಚರವಾಗಿ ಸುಮ್ನೆ ಅಡುಗೆಮನೆ ಡಬ್ಬ ಒರೆಸುತ್ತಾ ಕೂರುತ್ತಿದ್ದೆ! ಡಾಕ್ಟರನ್ನು ಕೇಳಿ ಬೆಳಗಿನ ತಿಂಡಿ ಆದ ಮೇಲೆ ಅಂತ ಬದಲಾಯಿಸಿದೆ. ದೇಹದ ಕಾರ್ಟಿಸಾಲ್ ಕೂಡ ಬೆಳಗ್ಗೆಯೇ ಜಾಸ್ತಿ ಅಲ್ವಾ, ಅದಕ್ಕೇ ಈ ಹೊತ್ತು ಹೊಂದುತ್ತದೆ.

ಮುಖ ದುಂಡಗಾಗುವುದಕ್ಕೆ ಅಲ್ಲಿ ಸೇರುವ ಕೊಬ್ಬೂ ಕಾರಣ. ಡೋಸ್ ಇಳಿದಂತೆ ನಿಧಾನವಾಗಿ ಕರಗುತ್ತದೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ನೀರು ತುಂಬಿಕೊಳ್ಳುವುದು ಕಡಿಮೆ. ಹಸಿವಂತೂ ಕೇಳಬೇಡಿ, ಗಾಂಧಿ ಬಜಾರಲ್ಲಿ ದೋಸೆ ವಾಸನೆ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಖಾಲಿ ಹೊಟ್ಟೆಯ ಶುಗರ್ ಸರಿಯಿದ್ದರೂ ಈ ಮಾತ್ರೆಯಿಂದ ಮಧ್ಯಾಹ್ನ ಏರಬಹುದು, ಊಟದ ನಂತರವೂ ನೋಡಿಸಿ. ಮೂಳೆಗೆ ರಾಗಿ ಮುದ್ದೆ ಒಳ್ಳೆಯದು, 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಲೂಪಸ್‌ಗೆ ಬಿಸಿಲು ಆಗುವುದಿಲ್ಲ, ಹಾಗಾಗಿ ವಿಟಮಿನ್ ಡಿ ಮಾತ್ರೆ ಬೇಕಾ ಅಂತ ಕೇಳಿ. ಲಾಲ್‌ಬಾಗ್ ವಾಕಿಂಗ್ ಬಿಸಿಲೇರುವ ಮೊದಲೇ ಮುಗಿಸಿ. ಜ್ವರ ಬಂದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.