ಪಾಪನಿವೇದನೆಗೆ ಗುರುಗಳ ಹತ್ತಿರವೇ ಯಾಕೆ ಹೋಗಬೇಕು?

ಹುಬ್ಬಳ್ಳಿಯ ನಿಮ್ಮ ಕ್ಯಾಥೋಲಿಕ್ ಗೆಳತಿ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಂತೆಂದರೆ ಪಾಪನಿವೇದನೆಗೆ, ಅಂದರೆ ಚರ್ಚಿನ ಗುರುಗಳ ಮುಂದೆ ತನ್ನ ಪಾಪ ಹೇಳಿಕೊಂಡು ಕ್ಷಮೆ ಕೇಳಲು, ಹೋಗುತ್ತಾಳೆ, ದೇವರಿಗೇ ನೇರವಾಗಿ ಹೇಳಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ.

ನೇರವಾಗಿ ಹೇಳಿಕೊಳ್ಳುವುದು ಇದ್ದೇ ಇದೆ. ಆದರೆ ಪಾಪ ದೇವರ ನಂಟನ್ನಷ್ಟೇ ಅಲ್ಲ, ಮಂದಿಯ ನಂಟನ್ನೂ ಕೆಡಿಸುತ್ತದೆ. ಅದಕ್ಕೇ ಕ್ಷಮೆಯ ಮಾತು ಧರ್ಮಸಭೆಯ (ಕ್ರೈಸ್ತ ವಿಶ್ವಾಸಿಗಳ ಸಮುದಾಯದ) ಪರವಾಗಿ ಒಬ್ಬ ಮನುಷ್ಯನ ಬಾಯಿಂದ ಕಿವಿಗೆ ಬೀಳಬೇಕು. ಯೇಸು ಶಿಷ್ಯರಿಗೆ ಈ ಅಧಿಕಾರ ಕೊಟ್ಟದ್ದು ಬೈಬಲಿನ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ.

ಗುರುಗಳು ಕೊಡುವ ಪ್ರಾಯಶ್ಚಿತ್ತ ಕ್ಷಮೆಯ ಬೆಲೆಯಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಬ್ಬ ಮೆಣಸಿನಕಾಯಿ ತೂಕದಲ್ಲಿ ರೈತನಿಗೆ ಮೋಸ ಮಾಡಿದ ಅಂತಿಟ್ಟುಕೊಳ್ಳಿ. ಹತ್ತು ಪ್ರಾರ್ಥನೆ ಹೇಳಿ ಕೈತೊಳೆದುಕೊಂಡರೆ ಆಗಲಿಲ್ಲ. ಆ ರೈತನ ದುಡ್ಡು ತಿರುಗಿ ಕೊಡಬೇಕು. ಈ ಸಂಸ್ಕಾರದಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಇದೇ. ಮತ್ತೆ, ಹೇಳಿಕೊಂಡ ಗುಟ್ಟು ಎಂದೂ ಹೊರಬೀಳುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರು ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾಗುತ್ತಾರೆ.

ತಪಸ್ಸುಕಾಲ ಶುರುವಾಗುವುದು ವಿಭೂತಿ ಬುಧವಾರ. ಅಲ್ಲಿಂದ ಪಾಸ್ಕ (ಈಸ್ಟರ್) ಹಬ್ಬದವರೆಗೆ ರವಿವಾರ ಬಿಟ್ಟು ಎಣಿಸಿದರೆ 40 ದಿನ. ಈ ದಿನಗಳ ಶುಕ್ರವಾರಗಳಲ್ಲಿ 14 ವಯಸ್ಸು ದಾಟಿದವರು ಮಾಂಸ ಮುಟ್ಟುವುದಿಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) 18ರಿಂದ 59 ವಯಸ್ಸಿನವರಿಗೆ ಉಪವಾಸ, ಪೂರ್ತಿ ಊಟ ಒಂದೇ. ರೊಟ್ಟಿ, ಪಲ್ಯೆ, ಚಟ್ನಿಯಲ್ಲೇ ತೃಪ್ತಿಯಾಗಿ ಉಣ್ಣುವ ನಮ್ಮ ಸೀಮೆಯಲ್ಲಿ ಮಾಂಸ ಬಿಡುವುದು ಅಂಥ ಕಷ್ಟವಲ್ಲ. ಹಾಗೆ ಉಳಿದ ದುಡ್ಡು ಹಸಿದವರಿಗೆ ಮುಟ್ಟಬೇಕು, ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತೆ ಮಾತಾಡಬೇಕು. ಕಷ್ಟ ಇರುವುದು ಅಲ್ಲಿ.

ಪಾಸ್ಕದ ಹಿಂದಿನ ವಾರ ಪಾಪನಿವೇದನೆಗೆ ಸಾಲು ಉದ್ದ ಇರುತ್ತದೆ. ನಿಧಾನವಾಗಿ ಮಾತಾಡಬೇಕೆಂದರೆ ನಿಮ್ಮ ಗೆಳತಿ ಮೊದಲೇ ಹೋಗಲಿ.