ಪ್ರೋಗ್ರಾಂ ಬರೆಯಲು ಪೈಥಾನ್ ಭಾಷೆ ಒಂದೇ ಸಾಲದಾ? 1959ರ ಕೋಬಾಲ್ ಭಾಷೆ ಬ್ಯಾಂಕುಗಳಲ್ಲಿ ಇನ್ನೂ ಯಾಕಿದೆ?

ನಿಮ್ಮ ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ.

ತೊಂಬತ್ತರ ದಶಕ. ಆಗಷ್ಟೇ ಕಾಲೇಜು ಮುಗಿಸಿದ್ದೆ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಟರ್ಬೋ ಸಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಪರಿಚಯದ ವ್ಯಾಪಾರಿಯೊಬ್ಬರು ಲೆಕ್ಕಕ್ಕೆ ಪ್ರೋಗ್ರಾಂ ಬರೆದುಕೊಡು ಅಂದರು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯಲ್ಲಿ ಬಗೆಗಳು, ಒಂದೊಂದಕ್ಕೂ ಬೇರೆ ದರ. ಅದರ ಮೇಲೆ ಕಮಿಷನ್, ಹಮಾಲಿ. ಬರೆದೆ, ಓಡಿತು, ಬೀಗಿದೆ. ಲೆಕ್ಕ ಬರೆಯುವ ಭಟ್ಟರು ಕೈಯಲ್ಲೇ ಕೂಡಿಸಿ ನೋಡಿ, "ತಮಾ, ನಿನ್ನ ಕಂಪ್ಯೂಟರು ಪೈಸೆ ತಿಂತಲ್ಲೋ!" ಅಂದರು. ನಿಜವೇ. ಒಟ್ಟು ಮೊತ್ತದಲ್ಲಿ ಪೈಸೆ ತಪ್ಪುತ್ತಿತ್ತು.

ತಪ್ಪು ನನ್ನದು. ದುಡ್ಡನ್ನು 'ಫ್ಲೋಟ್'ನಲ್ಲಿ, ಅಂದರೆ ಸಿ ಭಾಷೆಯಲ್ಲಿ ದಶಾಂಶ ಸಂಖ್ಯೆ ಇಡುವ ಜಾಗದಲ್ಲಿ, ಇಟ್ಟಿದ್ದೆ. ಅದು 32 ಬಿಟ್‌ನ, ಅಂದರೆ 32 ಸೊನ್ನೆ-ಒಂದುಗಳಷ್ಟೇ ಹಿಡಿಯುವ ಡಬ್ಬಿ. ಮೊತ್ತ ಹತ್ತೂವರೆ ಲಕ್ಷ ದಾಟಿದರೆ ಅದರೊಳಗೆ ಪೈಸೆಗಳು 12.5ರ ಹೆಜ್ಜೆಯಲ್ಲಷ್ಟೇ ಕೂರುತ್ತವೆ. 12,34,567 ರೂಪಾಯಿ 89 ಪೈಸೆ ಹಾಕಿದರೆ ಉಳಿಯುವುದು 87.5 ಪೈಸೆ! ದೊಡ್ಡ ಡಬ್ಬಿ ತಂದರೂ ರೋಗ ಪೂರ್ತಿ ಹೋಗಲ್ಲ. ಮೂರನೇ ಒಂದು ಭಾಗ ಬರೆಯಲು ಹೋದರೆ 0.333 ಅಂತ ಮುಗಿಯದೇ ಓಡುತ್ತದಲ್ಲ, ಹಾಗೆ ಕಂಪ್ಯೂಟರಿನ ಸೊನ್ನೆ-ಒಂದರ ಬೈನರಿ ಲೆಕ್ಕದಲ್ಲಿ 0.1 ಕೂಡ ಮುಗಿಯುವುದಿಲ್ಲ. ನಿಮ್ಮ ಪೈಥಾನ್‌ನಲ್ಲೇ 0.1 + 0.2 ಹಾಕಿ ನೋಡಿ. 0.30000000000000004 ಬರುತ್ತದೆ.

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಜೊತೆಗಾರರು ಫೋರ್ಟ್ರಾನ್ ಭಾಷೆ ಹೊರತಂದಾಗ ಅವರ ಕಣ್ಣೆದುರು ಇದ್ದವರು ವಿಜ್ಞಾನಿಗಳು, ಎಂಜಿನಿಯರುಗಳು. ಅವರಿಗೆ ಕೊನೆಯ ಅಂಕಿ ಕೂದಲೆಳೆಯಷ್ಟು ಆಚೀಚೆ ಆದರೂ ನಡೆಯುತ್ತದೆ. ಭಟ್ಟರಿಗೆ ನಡೆಯುವುದಿಲ್ಲ! ಅವರಂಥವರಿಗಾಗಿಯೇ 1959ರಲ್ಲಿ ಒಂದು ಸಮಿತಿ ಕೂತು ಕೋಬಾಲ್ ಮಾಡಿತು. ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲ ಇತ್ತು, ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಭಾಷೆಯ ಅಚ್ಚು ಇತ್ತು. ಅದರಲ್ಲಿ 'ಪಿಕ್ 9(7)ವಿ99' ಅಂತ ಬರೆದರೆ ಏಳು ಅಂಕಿ ರೂಪಾಯಿ, ಎರಡು ಅಂಕಿ ಪೈಸೆ ಅಂತ ಅರ್ಥ. ನಾವು ಖಾತೆ ಪುಸ್ತಕದಲ್ಲಿ ಗೆರೆ ಎಳೆದುಕೊಂಡ ಹಾಗೇ. ಬರೆಯಲು ಮಹಾ ಬೇಜಾರಿನ ಭಾಷೆ, ಒಪ್ಪುತ್ತೇನೆ. ಆದರೆ ದಶಕಗಳಿಂದ ಸರಿಯಾಗಿ ಲೆಕ್ಕ ಕೊಡುತ್ತಿರುವುದನ್ನು ಕಿತ್ತು ಹೊಸದು ಬರೆಯಲು ಯಾವ ಬ್ಯಾಂಕಿಗೆ ಧೈರ್ಯ ಬರುತ್ತದೆ ಹೇಳಿ?

ಸಿ ಹುಟ್ಟಿದ್ದು ಮತ್ತೊಂದು ಕೆಲಸಕ್ಕೆ. ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಅದನ್ನು ಕಟ್ಟಿದರು, 1973ರಲ್ಲಿ ಕಂಪ್ಯೂಟರನ್ನೇ ನಡೆಸುವ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಅದರಲ್ಲಿ ತಿರುಗಿ ಬರೆದರು. ಅಡಿಕೆ ಲೆಕ್ಕ ಅವರ ತಲೆಯಲ್ಲಿ ಇರಲಿಲ್ಲ, ಅಲ್ವಾ?

ನೀವು ಪೈಥಾನ್‌ನಿಂದಲೇ ಶುರು ಮಾಡಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡಿನ ಲೆಕ್ಕ ಬಂದಾಗ ಅಂಕಿಗಳನ್ನು ಹತ್ತರ ಲೆಕ್ಕದಲ್ಲೇ ಇಡುವ ಅದರ 'ಡೆಸಿಮಲ್' ಬಳಸಿ. ನಾನು ಆಗ ಎಲ್ಲವನ್ನೂ ಪೈಸೆಗೆ ತಿರುಗಿಸಿ, ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ 'ಲಾಂಗ್'ನಲ್ಲಿ ಇಟ್ಟೆ. ಅದು 2 ಕೋಟಿ 14 ಲಕ್ಷ ರೂಪಾಯಿವರೆಗೆ ತಡೆಯುತ್ತದೆ. ಆ ಮಂಡಿಯ ಮೊತ್ತ ಅಲ್ಲಿವರೆಗೆ ಯಾವತ್ತೂ ಹೋಗಲಿಲ್ಲ.